ತಾಳಬದ್ಧ ದೃಶ್ಯ ಸಂಕಲನ

ತಾಳಬದ್ಧ ದೃಶ್ಯ ಸಂಕಲನ ಎಂದರೆ ಚಲನಚಿತ್ರದ ಅಥವಾ ವಿಡಿಯೊದ ತುಣುಕುಗಳನ್ನು ಜೋಡಿಸುವಾಗ, ಒಂದು ಶಾಟ್ ಮುಗಿದು ಇನ್ನೊಂದು ತೊಡಗುವ ಕ್ಷಣವನ್ನೋ ಶಾಟಿನೊಳಗಿನ ಮುಖ್ಯ ಚಲನೆಯನ್ನೋ ಸಂಗೀತದ ತಾಳದ ಪೆಟ್ಟಿಗೆ ಹೊಂದಿಸುವ ಕ್ರಮ. ಸಂಕಲನಕಾರರ ಆಡುಮಾತಿನಲ್ಲಿ ಇದನ್ನು ‘ಬೀಟ್‌ಗೆ ಕಟ್ ಮಾಡುವುದು’ ಎನ್ನುತ್ತಾರೆ. ಸಿನಿಮಾ ಹಾಡು, ಟ್ರೇಲರ್, ಜಾಹೀರಾತು, ಮದುವೆಯ ವಿಡಿಯೊ ಹಾಗೂ ಮೊಬೈಲಿನ ಕಿರು ವಿಡಿಯೊಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಸಂಗೀತದ ಕಾಲ ಎಡೆಬಿಡದೆ ಹರಿಯುತ್ತದೆ. ಚಿತ್ರದ ಕಾಲ ಫ್ರೇಮ್‌ಗಳೆಂಬ ಬಿಡಿ ಹೆಜ್ಜೆಗಳಲ್ಲಿ ಸಾಗುತ್ತದೆ. ಇವೆರಡನ್ನೂ ಕೂಡಿಸುವ ಲೆಕ್ಕಾಚಾರ ಈ ಕ್ರಮದ ಒಂದು ಮುಖ. ಯಾವ ಪೆಟ್ಟಿಗೆ ಕಟ್ ಬೀಳಬೇಕು, ಯಾವ ಪೆಟ್ಟನ್ನು ಹಾಗೆಯೇ ಹಾದುಹೋಗಲು ಬಿಡಬೇಕು ಎಂಬ ತೀರ್ಮಾನ ಇನ್ನೊಂದು ಮುಖ. ಮೊದಲನೆಯದನ್ನು ತಂತ್ರಾಂಶಗಳು ಬಹುಮಟ್ಟಿಗೆ ಮಾಡಿಕೊಡುತ್ತವೆ. ಎರಡನೆಯದು ಇಂದಿಗೂ ಸಂಕಲನಕಾರರ ಪಾಲಿಗೇ ಉಳಿದಿದೆ.

ಪರಿಭಾಷೆ

ಸಮ ಅಂತರದಲ್ಲಿ ಮರುಕಳಿಸುವ ಪೆಟ್ಟನ್ನು ಬೀಟ್ ಎಂದೂ, ಒಂದು ನಿಮಿಷದಲ್ಲಿ ಬೀಳುವ ಪೆಟ್ಟುಗಳ ಸಂಖ್ಯೆಯನ್ನು ಬಿಪಿಎಂ ಎಂದೂ ಕರೆಯುತ್ತಾರೆ. ಜನಪ್ರಿಯ ಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕು ಪೆಟ್ಟುಗಳ ಗುಂಪು ಒಂದು ಬಾರ್. ಅದರ ಮೊದಲ ಪೆಟ್ಟು ಡೌನ್‌ಬೀಟ್. ಕೆಲವು ಬಾರ್‌ಗಳು ಸೇರಿ ಒಂದು ಫ್ರೇಸ್ ಆಗುತ್ತದೆ. ಕರ್ನಾಟಕ ಸಂಗೀತದಲ್ಲಿ ಬಾರ್‌ಗೆ ಸಮೀಪದ ಕಲ್ಪನೆ ಆವರ್ತ. ಆದಿತಾಳದ ಒಂದು ಆವರ್ತದಲ್ಲಿ 4, 2, 2 ಎಂಬ ವಿಂಗಡಣೆಯಲ್ಲಿ ಎಂಟು ಅಕ್ಷರಕಾಲಗಳಿವೆ. ಹಾಡು ತಾಳದ ಮೊದಲ ಪೆಟ್ಟಿನಲ್ಲೇ ಎತ್ತಿಕೊಂಡರೆ ಸಮಗ್ರಹ, ಅದರ ಮೊದಲೋ ಅನಂತರವೋ ಎತ್ತಿಕೊಂಡರೆ ವಿಷಮಗ್ರಹ ಎಂದು ತಾಳಶಾಸ್ತ್ರ ಹೇಳುತ್ತದೆ. ಸಂಕಲನದ ಪಠ್ಯಗಳಲ್ಲಿ ಈ ಪದಗಳು ಬಳಕೆಯಲ್ಲಿಲ್ಲ. ಆದರೆ ಪೆಟ್ಟಿನ ಮೇಲೆಯೇ ಬೀಳುವ ಕಟ್ಟನ್ನೂ ಪೆಟ್ಟಿಗೆ ತುಸು ಸರಿದು ಬೀಳುವ ಕಟ್ಟನ್ನೂ ಬೇರ್ಪಡಿಸಿ ಹೇಳಲು ಇವುಗಳಿಗಿಂತ ಅಚ್ಚುಕಟ್ಟಾದ ಪದಗಳು ಕನ್ನಡದಲ್ಲಿ ಸಿಗುವುದು ಕಷ್ಟ.

ಇತಿಹಾಸ

ಚಿತ್ರಕ್ಕೆ ಧ್ವನಿ ಬರುವ ಮೊದಲೇ ಶಾಟುಗಳ ಅಳತೆಯನ್ನು ಸಂಗೀತದ ಅಳತೆಗೆ ಹೋಲಿಸಿ ನೋಡುವ ಚಿಂತನೆ ಹುಟ್ಟಿತ್ತು. ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಸಂಕಲನವನ್ನು ಹಲವು ಬಗೆಗಳಾಗಿ ವಿಂಗಡಿಸಿದರು. ಶಾಟುಗಳ ಉದ್ದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಮಾತ್ರಾಗಣದಂತೆ ಕತ್ತರಿಸುವುದನ್ನು ಮೆಟ್ರಿಕ್ ಎಂದೂ, ಶಾಟಿನ ಒಳಗಿನ ಚಲನೆಯನ್ನೂ ಪರಿಗಣಿಸುವುದನ್ನು ರಿದಮಿಕ್ ಎಂದೂ ಅವರು ಕರೆದರು. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದ ಒಡೆಸ್ಸಾ ಮೆಟ್ಟಿಲುಗಳ ದೃಶ್ಯವನ್ನು ಎರಡನೆಯ ಬಗೆಗೆ ಉದಾಹರಣೆಯಾಗಿ ಕೊಟ್ಟರು. ಅಲ್ಲಿ ಸೈನಿಕರ ಹೆಜ್ಜೆಗಳ ಲಯವೂ ಕಟ್ಟುಗಳ ಲಯವೂ ಬೇಕೆಂದೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ದೃಶ್ಯದ ಬಿಗಿ ಹುಟ್ಟುವುದೇ ಆ ಹೊಂದಿಕೆಯಿಲ್ಲದಿರುವಿಕೆಯಿಂದ.

ಫ್ರೇಮ್‌ಗಳನ್ನು ಎಣಿಸಿ ತಾಳಕ್ಕೆ ಹೊಂದಿಸುವ ಕ್ರಮ ಗಟ್ಟಿಯಾಗಿ ನೆಲೆಗೊಂಡದ್ದು ಅನಿಮೇಷನ್ ಚಿತ್ರಗಳಲ್ಲಿ. ಅಲ್ಲಿ ಪ್ರತಿ ಫ್ರೇಮನ್ನೂ ಕೈಯಿಂದ ಬರೆಯಬೇಕಾಗಿದ್ದರಿಂದ ಲೆಕ್ಕ ಮೊದಲೇ ಗೊತ್ತಿರಬೇಕಿತ್ತು. ವಾಲ್ಟ್ ಡಿಸ್ನಿ ಸಂಸ್ಥೆಯ ‘ಸ್ಟೀಮ್‌ಬೋಟ್ ವಿಲ್ಲಿ’ (1928) ತಯಾರಾಗುವಾಗ ವಿಲ್ಫ್ರೆಡ್ ಜಾಕ್ಸನ್ ಮೆಟ್ರೊನೋಮ್ ಇಟ್ಟುಕೊಂಡು ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಎಂಬುದನ್ನು ನಿಗದಿಪಡಿಸಿದರು. ಧ್ವನಿಮುದ್ರಣದ ಮೊದಲ ಪ್ರಯತ್ನದಲ್ಲಿ ವಾದ್ಯವೃಂದ ಚಿತ್ರದೊಂದಿಗೆ ಹೊಂದಿಕೊಳ್ಳಲಿಲ್ಲ. ಎರಡನೆಯ ಬಾರಿ, ವಾದ್ಯವೃಂದದ ನಿರ್ದೇಶಕರು ನೋಡುವ ಪ್ರತಿಯ ಮೇಲೆ ಪುಟಿಯುವ ಚೆಂಡಿನ ಗುರುತನ್ನು ಮುದ್ರಿಸಿ ತಾಳ ಸೂಚಿಸಲಾಯಿತು. ಬಳಿಕ ವಾದಕರ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸುವ ಕ್ಲಿಕ್ ಟ್ರ್ಯಾಕ್ ಬಳಕೆಗೆ ಬಂತು. ಪಾತ್ರದ ಪ್ರತಿ ಅಲುಗಾಟಕ್ಕೂ ಸಂಗೀತ ತಾಳ ಹಾಕುವುದನ್ನು ‘ಮಿಕಿ ಮೌಸಿಂಗ್’ ಎಂದು ಕರೆಯುವ ರೂಢಿ ಇದರಿಂದಲೇ ಬಂದದ್ದು. ಇಂದು ಆ ಮಾತು ಹೆಚ್ಚಾಗಿ ಆಕ್ಷೇಪಣೆಯ ಧಾಟಿಯಲ್ಲೇ ಕೇಳಿಬರುತ್ತದೆ.

ಸೆರ್ಗೆಯ್ ಪ್ರೊಕೊಫಿಯೆವ್ ಸಂಗೀತ ನೀಡಿದ ಐಸೆನ್‌ಸ್ಟೈನ್‌ರ ‘ಅಲೆಕ್ಸಾಂಡರ್ ನೆವ್ಸ್ಕಿ’ (1938) ಚಿತ್ರದಲ್ಲಿ ಎರಡು ದಾರಿಗಳೂ ಇವೆ. ಕೆಲವು ಭಾಗಗಳಲ್ಲಿ ಜೋಡಿಸಿದ ಚಿತ್ರವನ್ನು ನೋಡಿ ಸಂಗೀತ ರಚಿಸಲಾಯಿತು. ಇನ್ನು ಕೆಲವು ಭಾಗಗಳಲ್ಲಿ ಮೊದಲೇ ಸಿದ್ಧವಾದ ಸಂಗೀತಕ್ಕೆ ಚಿತ್ರವನ್ನು ಜೋಡಿಸಲಾಯಿತು. ರಿಚರ್ಡ್ ಲೆಸ್ಟರ್ ನಿರ್ದೇಶನದ, ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ (1964) ಹಾಗೂ 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಆರಂಭವಾದ ಎಂಟಿವಿ ವಾಹಿನಿ ಈ ಶೈಲಿಯನ್ನು ಮನೆಮನೆಗೆ ತಲುಪಿಸಿದವು. ಎಡ್ಗರ್ ರೈಟ್ ಅವರ ‘ಬೇಬಿ ಡ್ರೈವರ್’ (2017) ಚಿತ್ರದಲ್ಲಿ ಹಾಡುಗಳನ್ನು ಮೊದಲೇ ಆರಿಸಿ, ನಟರ ನಡಿಗೆ, ಗುಂಡಿನ ಸದ್ದು, ಕಾರಿನ ತಿರುವುಗಳನ್ನು ಅವುಗಳ ತಾಳಕ್ಕೆ ಸಂಯೋಜಿಸಲಾಯಿತು. ಸಂಕಲನಕಾರರಲ್ಲಿ ಒಬ್ಬರಾದ ಪಾಲ್ ಮ್ಯಾಕ್ಲಿಸ್ ಚಿತ್ರೀಕರಣದ ಸ್ಥಳದಲ್ಲೇ ಕುಳಿತು ಜೋಡಣೆ ನೋಡುತ್ತಿದ್ದರು.

ಭಾರತೀಯ ಚಿತ್ರಗೀತೆಗಳಲ್ಲಿ

ಭಾರತದಲ್ಲಿ ಈ ಕ್ರಮದ ಸ್ವರೂಪವನ್ನು ನಿರ್ಧರಿಸಿದ್ದು ಹಿನ್ನೆಲೆ ಗಾಯನ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಬಂದ ಕಾಲದಲ್ಲಿ ನಟನಟಿಯರು ಕ್ಯಾಮೆರಾದ ಮುಂದೆ ತಾವೇ ಹಾಡುವುದು ವಾಡಿಕೆಯಾಗಿತ್ತು. ಹಾಗೆ ಚಿತ್ರ ಮತ್ತು ಧ್ವನಿ ಒಟ್ಟಿಗೇ ದಾಖಲಾದಾಗ ಹಾಡಿನ ನಡುವೆ ಕಟ್ ಮಾಡಲು ಅವಕಾಶ ಕಡಿಮೆ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ ‘ಧೂಪ್ ಛಾಂವ್’ ಚಿತ್ರದಲ್ಲಿ, ನಿತಿನ್ ಬೋಸ್ ನಿರ್ದೇಶನದಲ್ಲಿ, ಹಾಡನ್ನು ಮೊದಲು ಧ್ವನಿಮುದ್ರಿಸಿ ಆಮೇಲೆ ಚಿತ್ರೀಕರಿಸುವ ಪದ್ಧತಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಹಾಡು ಅಳತೆಗೋಲಾಯಿತು, ಚಿತ್ರ ಅದಕ್ಕೆ ಅನುಗುಣವಾಗಿ ಕತ್ತರಿಸುವ ಬಟ್ಟೆಯಾಯಿತು.

ಚಿತ್ರೀಕರಣದ ಸ್ಥಳದಲ್ಲಿ ಹಾಡಿನ ಒಂದೊಂದೇ ತುಂಡನ್ನು ಧ್ವನಿವರ್ಧಕದಲ್ಲಿ ಹಾಕಿ, ನೃತ್ಯ ನಿರ್ದೇಶಕರು ಎಂಟರ ಲೆಕ್ಕದಲ್ಲಿ ಎಣಿಸುತ್ತಾರೆ. ಟೇಪಿನ ಕಾಲದಲ್ಲಿ ವೇಗ ಕದಲದಂತೆ ನುಡಿಸಬಲ್ಲ ನಾಗ್ರಾ ಯಂತ್ರ ಇದಕ್ಕೆ ಹೆಸರಾಗಿತ್ತು. ವೇಗದಲ್ಲಿ ಸ್ವಲ್ಪವೇ ಏರುಪೇರಾದರೂ ನೃತ್ಯದ ಹೆಜ್ಜೆ ಮೂಲ ಹಾಡಿನ ಪೆಟ್ಟಿನಿಂದ ಜಾರುತ್ತದೆ. ಆ ಜಾರುವಿಕೆಯನ್ನು ಸಂಕಲನದಲ್ಲಿ ಪೂರ್ತಿ ಸರಿಪಡಿಸಲಾಗದು. ನಿಧಾನ ಚಲನೆಯಲ್ಲಿ ತೋರಿಸಬೇಕಾದ ಹಾಡಿನ ಸಾಲುಗಳಿಗೆ ಒಂದು ಉಪಾಯವಿದೆ: ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್ ಓಡುವಾಗ ಹಾಡನ್ನೂ ಇಮ್ಮಡಿ ವೇಗದಲ್ಲಿ ಹಾಕುತ್ತಾರೆ, ನಟರು ಆ ವೇಗಕ್ಕೇ ತುಟಿಯಾಡಿಸುತ್ತಾರೆ. ಅದನ್ನು 24 ಫ್ರೇಮ್‌ಗೆ ಇಳಿಸಿದಾಗ ತುಟಿ ಹಾಡಿಗೆ ಹೊಂದುತ್ತದೆ, ಕೂದಲು ಮತ್ತು ಸೆರಗು ಮಾತ್ರ ನಿಧಾನವಾಗಿ ತೇಲುತ್ತವೆ.

ಫ್ರೇಮ್‌ಗಳ ಲೆಕ್ಕ

ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಎಂದು ತಿಳಿಯಲು, ಸೆಕೆಂಡಿನ ಫ್ರೇಮ್ ಸಂಖ್ಯೆಯನ್ನು 60ರಿಂದ ಗುಣಿಸಿ ಬಿಪಿಎಂನಿಂದ ಭಾಗಿಸಬೇಕು. ಸಿನಿಮಾದ 24 ಫ್ರೇಮ್ ವೇಗಕ್ಕೆ ಗುಣಲಬ್ಧ 1440, ಭಾರತದ ದೂರದರ್ಶನ ಪದ್ಧತಿಯ 25ಕ್ಕೆ 1500, 30ಕ್ಕೆ 1800. ಆದ್ದರಿಂದ 120 ಬಿಪಿಎಂ ಹಾಡು 24 ಫ್ರೇಮ್ ವೇಗದಲ್ಲಿ ಪೆಟ್ಟಿಗೆ ಸರಿಯಾಗಿ 12 ಫ್ರೇಮ್ ಕೊಡುತ್ತದೆ. 30ರಲ್ಲಿ 15 ಕೊಡುತ್ತದೆ. 25ರಲ್ಲಿ ಮಾತ್ರ 12.5 ಎಂಬ ಅರ್ಧ ಫ್ರೇಮ್ ಉಳಿಯುತ್ತದೆ. ಅರ್ಧ ಫ್ರೇಮ್ ಎಂಬುದೊಂದು ಇಲ್ಲ.

ಹೊಸಬರು ಎಡವುವುದು ಇಲ್ಲಿಯೇ. 25 ಫ್ರೇಮ್ ವೇಗದ ವಿಡಿಯೊಕ್ಕೆ 128 ಬಿಪಿಎಂ ಹಾಡು ಹಾಕಿದರೆ ಒಂದು ಪೆಟ್ಟು ಸುಮಾರು 11.72 ಫ್ರೇಮ್ ಆಗುತ್ತದೆ. ಇದನ್ನು 12 ಎಂದು ದುಂಡಾಗಿಸಿ ಪ್ರತಿ ತುಣುಕನ್ನೂ 12 ಫ್ರೇಮ್ ಉದ್ದಕ್ಕೆ ಕತ್ತರಿಸಿದರೆ, ಮೊದಲ ಕೆಲವು ಕಟ್ಟುಗಳಲ್ಲಿ ತಪ್ಪು ಗೊತ್ತಾಗುವುದಿಲ್ಲ. ಆದರೆ 32 ಪೆಟ್ಟುಗಳಾಗುವ ಹೊತ್ತಿಗೆ ಹಾಡು 15 ಸೆಕೆಂಡ್, ಅಂದರೆ 375 ಫ್ರೇಮ್ ಸಾಗಿರುತ್ತದೆ. ಚಿತ್ರ 384 ಫ್ರೇಮ್ ಬೇಡುತ್ತದೆ. ಒಂಬತ್ತು ಫ್ರೇಮ್ ಅಂತರವೆಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಹೆಚ್ಚು, ಮುಕ್ಕಾಲು ಪೆಟ್ಟಿಗೂ ಅಧಿಕ. ಸರಿಯಾದ ಕ್ರಮವೆಂದರೆ ತುಣುಕಿನ ಉದ್ದವನ್ನು ದುಂಡಾಗಿಸದೆ, ಹಾಡಿನ ಆರಂಭದಿಂದ ಪ್ರತಿ ಪೆಟ್ಟಿನ ಸ್ಥಾನವನ್ನು ಲೆಕ್ಕಹಾಕಿ, ಆ ಸ್ಥಾನವನ್ನು ಹತ್ತಿರದ ಫ್ರೇಮ್‌ಗೆ ದುಂಡಾಗಿಸುವುದು. ಆಗ ತುಣುಕುಗಳು ಕೆಲವು 12, ಕೆಲವು 11 ಫ್ರೇಮ್ ಉದ್ದವಾಗುತ್ತವೆ. ತಪ್ಪು ಎಂದೂ ಅರ್ಧ ಫ್ರೇಮನ್ನು, ಅಂದರೆ 20 ಮಿಲಿಸೆಕೆಂಡನ್ನು ಮೀರುವುದಿಲ್ಲ, ಒಂದರ ಮೇಲೊಂದು ಸೇರುವುದೂ ಇಲ್ಲ.

ಲೆಕ್ಕವನ್ನು ಕೆಡಿಸುವ ಕಾರಣಗಳು ಇನ್ನೂ ಕೆಲವಿವೆ. 24 ಎಂದು ಹೇಳುವ ಎಷ್ಟೋ ಕಡತಗಳ ನಿಜವಾದ ವೇಗ 23.976, ಇದನ್ನು ಗಮನಿಸದೆ ಲೆಕ್ಕ ಹಾಕಿದರೆ 200 ಸೆಕೆಂಡಿನ ಹಾಡಿನಲ್ಲಿ ಸುಮಾರು ಐದು ಫ್ರೇಮ್ ವ್ಯತ್ಯಾಸ ಬರುತ್ತದೆ. ಮೊಬೈಲ್ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ವೇಗವನ್ನು ಬದಲಿಸುತ್ತಾ ಚಿತ್ರೀಕರಿಸುವುದುಂಟು. ಅಂಥ ಕಡತವನ್ನು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳದೆ ಕೆಲಸ ಆರಂಭಿಸಬಾರದು. ಎಂಪಿ3 ಕಡತದ ಆರಂಭದಲ್ಲಿ ಸಂಕೇತೀಕರಣದ ಕಾರಣದಿಂದ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅದನ್ನು ಕೆಲವು ತಂತ್ರಾಂಶಗಳು ಕತ್ತರಿಸುತ್ತವೆ, ಕೆಲವು ಉಳಿಸುತ್ತವೆ. ಹೀಗಾಗಿ ವೇವ್ ಕಡತವನ್ನು ಬಳಸುವುದು ಮೇಲು.

ಕಣ್ಣು ಮತ್ತು ಕಿವಿಯ ಗ್ರಹಿಕೆ

ಚಿತ್ರಕ್ಕಿಂತ ಸದ್ದು ತಡವಾಗಿ ಬಂದರೆ ನೋಡುಗರು ಸಹಿಸುತ್ತಾರೆ. ಸದ್ದು ಮೊದಲು ಬಂದರೆ ಬೇಗ ಗುರುತಿಸುತ್ತಾರೆ. ದೂರದಲ್ಲಿ ಅಗಸರು ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದರ ಕಾರಣ ತಿಳಿದದ್ದೇ: ಬೆಳಕು ಮೊದಲು ತಲುಪುತ್ತದೆ, ಸದ್ದು ಆಮೇಲೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದಾಗ ಅಥವಾ ಸುಮಾರು 125 ಮಿಲಿಸೆಕೆಂಡ್ ತಡವಾದಾಗ ವ್ಯತ್ಯಾಸ ಗಮನಕ್ಕೆ ಬರತೊಡಗುತ್ತದೆ. ಈ ಅಂಕಿಗಳು ಚಿತ್ರದೊಂದಿಗೆ ಬರುವ ಧ್ವನಿಯ ಹೊಂದಾಣಿಕೆಗೆ ಸಂಬಂಧಿಸಿದವು; ಕಟ್ಟಿಗೆ ಅಕ್ಷರಶಃ ಅನ್ವಯಿಸುವುದಿಲ್ಲ. ಆದರೂ ಅನೇಕ ಸಂಕಲನಕಾರರು ಪೆಟ್ಟಿಗಿಂತ ಒಂದೆರಡು ಫ್ರೇಮ್ ಮೊದಲೇ ಕಟ್ ಇಡುವ ಅಭ್ಯಾಸಕ್ಕೆ ಇದೇ ಅಸಮತೆ ಆಧಾರವಾಗಿದೆ. ಹೊಸ ಚಿತ್ರವನ್ನು ಕಣ್ಣು ಗುರುತಿಸಿಕೊಳ್ಳುವಷ್ಟರಲ್ಲಿ ಪೆಟ್ಟು ಕೇಳಿಸುತ್ತದೆ. ಒಂದೆರಡು ಫ್ರೇಮ್ ತಡವಾದ ಕಟ್ ಮಾತ್ರ ಸೋಮಾರಿಯಂತೆ ಕಾಣುತ್ತದೆ.

ದೊಡ್ಡ ಚಿತ್ರಮಂದಿರದಲ್ಲಿ ಈ ಲೆಕ್ಕ ಇನ್ನಷ್ಟು ಸರಿಯುತ್ತದೆ. ಪರದೆಯ ಹಿಂದಿನ ಧ್ವನಿವರ್ಧಕದಿಂದ 20 ಮೀಟರ್ ದೂರ ಕುಳಿತವರಿಗೆ ಸದ್ದು ಸುಮಾರು 59 ಮಿಲಿಸೆಕೆಂಡ್, ಅಂದರೆ ಒಂದೂವರೆ ಫ್ರೇಮ್‌ನಷ್ಟು ತಡವಾಗಿ ತಲುಪುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ವಿಳಂಬ 100 ಮಿಲಿಸೆಕೆಂಡನ್ನೂ ದಾಟಬಹುದು. ಕೇಳಿ ತೀರ್ಮಾನಿಸುವ ಕೆಲಸವನ್ನು ಅಂಥ ಸಾಧನದಲ್ಲಿ ಮಾಡಿದರೆ, ಇಡೀ ಸಂಕಲನವೇ ಒಂದೇ ಅಳತೆಯಷ್ಟು ಜರುಗಿ ಕೂರುತ್ತದೆ. ಮಾಡಿದವರಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ತಂತಿಯ ಹೆಡ್‌ಫೋನ್ ಇದಕ್ಕೆ ಅತ್ಯಂತ ಅಗ್ಗದ ಪರಿಹಾರ.

ಕೆಲಸದ ಕ್ರಮ

ಸಾಮಾನ್ಯವಾಗಿ ಮೊದಲು ಹಾಡನ್ನು ಟೈಮ್‌ಲೈನಿನಲ್ಲಿ ಇಟ್ಟು, ಅದನ್ನು ಕೇಳುತ್ತಾ ಪೆಟ್ಟುಗಳಿಗೆ ಮಾರ್ಕರ್ ಹಾಕಲಾಗುತ್ತದೆ. ಪ್ರೀಮಿಯರ್, ಫೈನಲ್ ಕಟ್ ಪ್ರೊ, ಡಾವಿಂಚಿ ರಿಸಾಲ್ವ್ ಮೂರರಲ್ಲೂ ಇದಕ್ಕೆ ‘ಎಂ’ ಕೀಲಿಯೇ ರೂಢಿಯದು. ಬೆರಳಿನಿಂದ ತಾಳ ಹಾಕುವವರು ಪೆಟ್ಟಿಗಿಂತ ಕೊಂಚ ಮುಂಚಿತವಾಗಿಯೇ ಒತ್ತುತ್ತಾರೆ ಎಂಬುದು ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಹಾಗಾಗಿ ಒತ್ತಿದ ಮಾರ್ಕರನ್ನು ಕರಡು ಎಂದೇ ಭಾವಿಸಿ, ಧ್ವನಿಯ ತರಂಗರೂಪವನ್ನು ಹಿಗ್ಗಿಸಿ, ಡ್ರಮ್ಮಿನ ಸದ್ದು ಚಿಮ್ಮಿದ ಜಾಗಕ್ಕೆ ಸರಿಸಬೇಕಾಗುತ್ತದೆ. ಡ್ರಮ್ ಅಥವಾ ಮೃದಂಗದ ಚಿಮ್ಮುವಿಕೆ ತರಂಗರೂಪದಲ್ಲಿ ಕಡಿದಾದ ಗೋಡೆಯಂತೆ ಕಾಣುತ್ತದೆ. ಪಿಟೀಲು, ಕೊಳಲುಗಳ ಸ್ವರ ಇಳಿಜಾರಿನಂತೆ ಏರುತ್ತದೆ. ಅಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಬೇಕು.

ಪ್ರತಿ ಪೆಟ್ಟಿಗೂ ಮಾರ್ಕರ್ ಹಾಕುವುದಕ್ಕಿಂತ ಡೌನ್‌ಬೀಟ್‌ಗೆ ಒಂದು ಬಣ್ಣ, ಫ್ರೇಸ್ ಬದಲಾಗುವ ಜಾಗಕ್ಕೆ ಇನ್ನೊಂದು ಬಣ್ಣ, ಪಲ್ಲವಿ ಮರಳುವ ಜಾಗಕ್ಕೆ ಮತ್ತೊಂದು ಬಣ್ಣ ಇಡುವುದು ಮುಂದಿನ ತೀರ್ಮಾನಗಳಿಗೆ ಹೆಚ್ಚು ಉಪಯುಕ್ತ. ಉಚಿತ ತಂತ್ರಾಂಶಗಳಾದ ಕೆಡೆನ್‌ಲೈವ್ ಮತ್ತು ಆಡಾಸಿಟಿಗಳಲ್ಲೂ ಇಂಥ ಗುರುತುಗಳಿಗೆ ಅವಕಾಶವಿದೆ.

ಕಟ್ ಎಲ್ಲಿ ಬೀಳಬೇಕು

ಪ್ರತಿ ಪೆಟ್ಟಿಗೂ ಕಟ್ ಮಾಡಿದ ವಿಡಿಯೊ ಹತ್ತು ಸೆಕೆಂಡು ಹುರುಪು ಹುಟ್ಟಿಸುತ್ತದೆ, ಆಮೇಲೆ ದಣಿಸುತ್ತದೆ. ಮುಂದಿನ ಕಟ್ ಯಾವಾಗ ಬರುತ್ತದೆಂದು ನೋಡುಗರಿಗೆ ಮೊದಲೇ ಗೊತ್ತಾಗಿಬಿಡುವುದರಿಂದ ಕಟ್ಟಿಗೆ ಅರ್ಥವೇ ಉಳಿಯುವುದಿಲ್ಲ. 128 ಬಿಪಿಎಂನಲ್ಲಿ ಪೆಟ್ಟಿಗೊಂದು ಶಾಟ್ ಎಂದರೆ ಪ್ರತಿ ಚಿತ್ರಕ್ಕೂ ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ. ಮುಖವೊಂದನ್ನು ಗುರುತಿಸಲು ಅದು ಸಾಕಾದೀತು. ಆ ಮುಖದ ಭಾವವನ್ನು ಗ್ರಹಿಸಲು ಸಾಲದು. ಮದುವೆಯ ವಿಡಿಯೊಗಳಲ್ಲಿ ಧಾರೆಯ ಹೊತ್ತಿನ ತಾಯಿಯ ಮುಖ ಹೀಗೆ ಕಳೆದುಹೋಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು.

ಆದ್ದರಿಂದ ಅನುಭವಿಗಳು ತಾಳಕ್ಕೆ ಹೊಂದಿಸುವ ವಸ್ತು ಕಟ್ಟೇ ಆಗಿರಬೇಕೆಂದು ಹಟ ಹಿಡಿಯುವುದಿಲ್ಲ. ಬಾಗಿಲು ಮುಚ್ಚುವುದು, ಚೆಂಡು ಬ್ಯಾಟಿಗೆ ತಾಗುವುದು, ಹೆಜ್ಜೆ ನೆಲ ಮುಟ್ಟುವುದು, ತಲೆ ತಿರುಗುವುದು, ದೀಪ ಹೊತ್ತುವುದು: ಇವುಗಳಲ್ಲಿ ಯಾವುದೊಂದು ಡೌನ್‌ಬೀಟ್‌ಗೆ ಬಿದ್ದರೂ ಕಿವಿಯ ನಿರೀಕ್ಷೆ ಈಡೇರುತ್ತದೆ. ಶಾಟಿನೊಳಗಿನ ಚಲನೆ ಪೆಟ್ಟನ್ನು ಹೊತ್ತಾಗ ಕಟ್ಟನ್ನು ಎರಡು ಪೆಟ್ಟುಗಳ ನಡುವೆ, ಯಾರಿಗೂ ಕಾಣದಂತೆ ಇಡಬಹುದು. ಚಲನೆ ಕೆಲವೇ ಫ್ರೇಮ್‌ಗಳಿಂದ ತಪ್ಪಿದರೆ ತುಣುಕಿನ ಆರಂಭವನ್ನು ಸರಿಸಲಾಗುತ್ತದೆ; ಅದೂ ಸಾಲದಿದ್ದರೆ ತುಣುಕಿನ ವೇಗವನ್ನು ಅಲ್ಪ ಪ್ರಮಾಣದಲ್ಲಿ ಏರಿಸಿ ಇಳಿಸಲಾಗುತ್ತದೆ. ಫ್ರೇಸಿನ ಕೊನೆಗೆ ಬರುವ ದೊಡ್ಡ ಪೆಟ್ಟಿಗೆ ಮುನ್ನ ಒಂದೆರಡು ಬಾರ್ ಕಟ್ಟೇ ಇಲ್ಲದೆ ಒಂದು ದೀರ್ಘ ಶಾಟನ್ನು ಹಿಡಿದಿಟ್ಟರೆ, ಆ ಪೆಟ್ಟಿನ ಕಟ್ ಒಂದೇ ಹತ್ತು ಕಟ್ಟುಗಳ ಕೆಲಸ ಮಾಡುತ್ತದೆ.

ಹಾಲಿವುಡ್‌ನ ಸಂಕಲನಕಾರ ವಾಲ್ಟರ್ ಮರ್ಚ್ ತಮ್ಮ ‘ಇನ್ ದ ಬ್ಲಿಂಕ್ ಆಫ್ ಆ್ಯನ್ ಐ’ ಕೃತಿಯಲ್ಲಿ ಒಳ್ಳೆಯ ಕಟ್ಟಿನ ಆರು ಮಾನದಂಡಗಳಿಗೆ ಶೇಕಡಾವಾರು ತೂಕ ಕೊಟ್ಟಿದ್ದಾರೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10. ಉಳಿದ ಮೂರು ಮಾನದಂಡಗಳು ನೋಟದ ಜಾಡು ಮತ್ತು ಅವಕಾಶದ ನಿರಂತರತೆಗೆ ಸಂಬಂಧಿಸಿದವು. ಲಯ ಮೂರನೆಯ ಸ್ಥಾನದಲ್ಲಿದೆ ಎಂಬುದಕ್ಕಿಂತ, ಭಾವವೊಂದಕ್ಕೇ ಉಳಿದೆಲ್ಲವನ್ನೂ ಮೀರುವ ತೂಕ ಕೊಟ್ಟಿರುವುದು ಇಲ್ಲಿ ಗಮನಾರ್ಹ.

ಶಾಸ್ತ್ರೀಯ ಸಂಗೀತ ಮತ್ತು ನೃತ್ಯದ ಚಿತ್ರೀಕರಣಗಳು

ಹಲವು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದ ಕಛೇರಿ, ಭರತನಾಟ್ಯ ಅಥವಾ ಯಕ್ಷಗಾನ ಪ್ರದರ್ಶನಗಳಲ್ಲಿ ಧ್ವನಿಯನ್ನು ಮುಟ್ಟುವಂತಿಲ್ಲ; ಅಖಂಡವಾಗಿ ಹರಿಯುವ ಧ್ವನಿಗೆ ಎಲ್ಲ ಕ್ಯಾಮೆರಾಗಳನ್ನೂ ಮೊದಲು ಹೊಂದಿಸಿಕೊಂಡು ಆಮೇಲೆ ಆಯ್ಕೆ ನಡೆಯುತ್ತದೆ. ಬಿಪಿಎಂ ಇಲ್ಲಿ ಹೆಚ್ಚು ನೆರವಾಗದು. ಆಲಾಪನೆಗೆ ತಾಳವೇ ಇಲ್ಲ. ತಾಳವಿರುವ ಕಡೆಯೂ ಕಾಲಪ್ರಮಾಣ ಯಂತ್ರದಂತೆ ಸ್ಥಿರವಲ್ಲ. ಯಕ್ಷಗಾನದಲ್ಲಂತೂ ಭಾಗವತರು ರಂಗದ ಅಗತ್ಯ ನೋಡಿ ಅಲ್ಲಿಯೇ ಲಯವನ್ನು ಏರಿಸುತ್ತಾರೆ, ಇಳಿಸುತ್ತಾರೆ.

ಭರತನಾಟ್ಯದ ಜತಿಯೊಂದು ನಡೆಯುತ್ತಿರುವಾಗ ನರ್ತಕಿಯ ಹೆಜ್ಜೆ ನೆಲಕ್ಕೆ ಬೀಳುವ ಕ್ಷಣದಲ್ಲೇ ಮುಖದ ಸಮೀಪ ಚಿತ್ರಕ್ಕೆ ಕಟ್ ಮಾಡಿದರೆ, ತಾಳದ ಲೆಕ್ಕಕ್ಕೆ ಅದು ಸರಿಯಾಗಿಯೇ ಇರುತ್ತದೆ. ಆದರೆ ನೋಡುಗರು ಪೆಟ್ಟನ್ನು ಕೇಳುತ್ತಾರೆ, ಪಾದವನ್ನು ಕಾಣುವುದಿಲ್ಲ. ಗೆಜ್ಜೆಯ ಸದ್ದಿಗೆ ಕಾರಣವಾದ ಪಾದ ಆ ಕ್ಷಣದಲ್ಲಿ ಪರದೆಯ ಮೇಲೆ ಇರಲೇಬೇಕು. ಇಂಥಲ್ಲಿ ಅಡವಿನ ಸುತ್ತು ಪೂರ್ಣಗೊಳ್ಳುವವರೆಗೆ ಪೂರ್ಣಾಕೃತಿಯ ಶಾಟನ್ನು ಉಳಿಸಿ, ತೀರ್ಮಾನದ ಕೊನೆಯ ಪೆಟ್ಟು ಬಿದ್ದ ಬಳಿಕ ಕಟ್ ಮಾಡುವುದು ನೃತ್ಯಕ್ಕೆ ನ್ಯಾಯ ಒದಗಿಸುತ್ತದೆ. ತಾಳ ಬಲ್ಲ ಸಂಕಲನಕಾರರಿಗೂ ಬಲ್ಲದವರಿಗೂ ಇರುವ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಸ್ವಯಂಚಾಲಿತ ಪತ್ತೆ

ತಂತ್ರಾಂಶಗಳು ಧ್ವನಿಯ ಶಕ್ತಿ ಹಠಾತ್ತನೆ ಏರುವ ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ ಸಮ ಅಂತರದಲ್ಲಿ ಮರುಕಳಿಸುವ ಸರಣಿಯನ್ನು ಹುಡುಕಿ ತಾಳವನ್ನು ಅಂದಾಜಿಸುತ್ತವೆ. ನೃತ್ಯಕ್ಕೆಂದೇ ರಚಿಸಿದ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸಾಮಾನ್ಯ ದೋಷವೆಂದರೆ ನಿಜವಾದ ವೇಗದ ಅರ್ಧವನ್ನೋ ಇಮ್ಮಡಿಯನ್ನೋ ಕೊಡುವುದು: 70 ಬಿಪಿಎಂ ಹಾಡನ್ನು 140 ಎನ್ನುವುದು. ಏಳು ಅಕ್ಷರಗಳನ್ನು 3 ಮತ್ತು 4 ಆಗಿ ಒಡೆಯುವ ಮಿಶ್ರಛಾಪು, ಐದನ್ನು 2 ಮತ್ತು 3 ಆಗಿ ಒಡೆಯುವ ಖಂಡಛಾಪು ತಾಳಗಳಲ್ಲಿ ಒತ್ತು ಬೀಳುವ ಪೆಟ್ಟುಗಳ ಅಂತರವೇ ಸಮವಲ್ಲವಾದ್ದರಿಂದ, ನಾಲ್ಕರ ಗುಂಪನ್ನು ನಿರೀಕ್ಷಿಸುವ ಸಾಧನಗಳು ದಾರಿ ತಪ್ಪುತ್ತವೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತಗಳ ತಾಳಾವರ್ತವನ್ನು ಗಣಕದಿಂದ ಗುರುತಿಸುವ ಸಂಶೋಧನೆ ನಡೆಸಿದೆ.

ಮಿನುಗಿನ ಅಪಾಯ

ತಾಳಕ್ಕೆ ಸರಿಯಾಗಿ ಪರದೆಯನ್ನು ಬೆಳಗಿಸಿ ಆರಿಸುವ ಪರಿಣಾಮ ಕಿರು ವಿಡಿಯೊಗಳಲ್ಲಿ ಜನಪ್ರಿಯವಾಗಿದೆ. ಬೆಳಕಿನ ಮಿನುಗಿಗೆ ಸ್ಪಂದಿಸುವ ಅಪಸ್ಮಾರ ಇರುವವರಿಗೆ ಇದು ಅಪಾಯಕಾರಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ‘ಪೋಕೆಮಾನ್’ ಸಂಚಿಕೆಯಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ವೇಗವಾಗಿ ಮಿನುಗಿದಾಗ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದೆನ್ನುತ್ತದೆ. 128 ಬಿಪಿಎಂ ಹಾಡಿನಲ್ಲಿ ಪೆಟ್ಟಿಗೊಂದು ಮಿನುಗು ಇಟ್ಟರೆ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು. ಅರ್ಧ ಪೆಟ್ಟಿಗೊಂದು ಇಟ್ಟರೆ ನಾಲ್ಕನ್ನು ದಾಟುತ್ತದೆ. ಕಪ್ಪು ಮತ್ತು ಬಿಳಿ ಚಿತ್ರಗಳನ್ನು ಒಂದರ ನಂತರ ಒಂದರಂತೆ ವೇಗವಾಗಿ ಕತ್ತರಿಸಿದರೂ ಇದೇ ಪರಿಣಾಮ ಉಂಟಾಗಬಹುದು. ಆದ್ದರಿಂದ ತಾಳದ ಲೆಕ್ಕವನ್ನು ಹಾಕುವಾಗಲೇ ಈ ಲೆಕ್ಕವನ್ನೂ ಹಾಕಿಕೊಳ್ಳುವುದು ಸುಲಭ.

ಹಕ್ಕುಸ್ವಾಮ್ಯ

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತ ಕೃತಿಯ ಹಕ್ಕು ಮತ್ತು ಅದರ ಧ್ವನಿಮುದ್ರಣದ ಹಕ್ಕು ಬೇರೆ ಬೇರೆ. ಪುರಂದರದಾಸರ ಕೀರ್ತನೆ ಯಾರ ಸ್ವತ್ತೂ ಅಲ್ಲ. ಅದನ್ನು ಕಳೆದ ವರ್ಷ ಹಾಡಿ ಮುದ್ರಿಸಿದ ಧ್ವನಿಗೆ ಒಡೆಯರಿದ್ದಾರೆ. ಧ್ವನಿಮುದ್ರಣದ ಹಕ್ಕಿನ ಅವಧಿ ಪ್ರಕಟಣೆಯ ನಂತರ 60 ವರ್ಷ. ಬೇರೆ ಬಗೆಯ ಸಂಕಲನದಲ್ಲಿ ಅನುಮತಿ ಸಿಗದ ಹಿನ್ನೆಲೆ ಸಂಗೀತವನ್ನು ಕೊನೆಯಲ್ಲಿ ಬದಲಿಸಬಹುದು. ತಾಳಬದ್ಧ ಸಂಕಲನದಲ್ಲಿ ಹಾಡು ಬದಲಾದರೆ ಬಿಪಿಎಂ ಬದಲಾಗುತ್ತದೆ, ಫ್ರೇಸುಗಳ ಉದ್ದ ಬದಲಾಗುತ್ತದೆ, ಪ್ರತಿ ಕಟ್ಟನ್ನೂ ಮತ್ತೆ ಹಾಕಬೇಕಾಗುತ್ತದೆ. ವಿಡಿಯೊ ತಾಣವೊಂದು ಹಕ್ಕುಸ್ವಾಮ್ಯದ ಕಾರಣಕ್ಕೆ ಧ್ವನಿಯನ್ನು ಅಳಿಸಿದರಂತೂ, ಯಾವ ಕಾರಣವೂ ಕಾಣದೆ ಕತ್ತರಿಸಿದಂತಿರುವ ಮೂಕ ಚಿತ್ರಗಳ ಸಾಲಷ್ಟೇ ಉಳಿಯುತ್ತದೆ. ಹೀಗಾಗಿ ವೃತ್ತಿಪರರು ಹಾಡಿನ ಅನುಮತಿ ಕೈಗೆ ಬರುವ ಮೊದಲು ಮಾರ್ಕರ್ ಹಾಕಲು ಕೂರುವುದಿಲ್ಲ.